ಕಡಲಪಾಚಿಯ ಪೊಟ್ಟಣ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ಲಾಸ್ಟಿಕ್‌ಗೆ ಬದಲಾಗಿ ಕಡಲಪಾಚಿಯಿಂದ ಪೊಟ್ಟಣ, ಲೋಟ, ಹಾಳೆಗಳನ್ನು ತಯಾರಿಸಿ ಅವುಗಳ ಬಳಕೆಗಾಗಿ ಪ್ರಚಾರ ನಡೆಸುತ್ತಿರುವ ಯುವಜನರ ಕುರಿತು ಕಳೆದ ಸಂಚಿಕೆಯಲ್ಲಿ ಒಂದು ಕಿರುಟಿಪ್ಪಣಿ ಪ್ರಕಟವಾಗಿತ್ತು. ಅದಕ್ಕೆ ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅವಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನೀರು ತುಂಬಿದ ಗುಳ್ಳೆಯಂಥ ಪೊಟ್ಟಣವನ್ನು ಸಿಪ್ಪೆಸಮೇತ ಬಾಯಿಗೆ ಹಾಕಿಕೊಳ್ಳುವ ವಿಡಿಯೊ ಒಂದನ್ನು ನಮ್ಮ ಕಾಲೇಜಿನಲ್ಲಿ ತೋರಿಸಿ, ಇದನ್ನು ಕಂಡುಹಿಡಿದವರು ನಿಮ್ಮಂಥ ವಿದ್ಯಾರ್ಥಿಗಳೇ ಎಂದರು. ಇದು ನಿಜವೇ? ನಿಜವಾದರೆ ಆ ಪೊಟ್ಟಣ ಅಂಗಡಿಗಳಲ್ಲಿ ಏಕೆ ಕಾಣುವುದಿಲ್ಲ?
– ಪದವಿ ವಿದ್ಯಾರ್ಥಿನಿ, ಕುಮಟಾ

ಉತ್ತರ: ನಿಜ. ಲಂಡನ್ನಿನ ಇಂಪೀರಿಯಲ್ ಕಾಲೇಜು ಮತ್ತು ರಾಯಲ್ ಕಾಲೇಜ್ ಆಫ್ ಆರ್ಟ್ ಜೊತೆಗೂಡಿ ನಡೆಸುವ ವಿನ್ಯಾಸ ಕೋರ್ಸಿನಲ್ಲಿ ಓದುತ್ತಿದ್ದ ರೊಡ್ರಿಗೊ ಗಾರ್ಸಿಯಾ ಗೊನ್ಸಾಲೆಸ್, ಪಿಯರ್ ಪಾಸ್ಲಿಯೆ ಮತ್ತು ಅವರ ಸಹಪಾಠಿ 2013ರ ಸುಮಾರಿಗೆ 'ಊಹೊ' ಎಂಬ ಆ ನೀರ್ಗುಳ್ಳೆಯನ್ನು ರೂಪಿಸಿದರು. ಪಾಸ್ಲಿಯೆ ಅದಕ್ಕೂ ಮೊದಲು ಲೋರಿಯಲ್ ಕಂಪನಿಯಲ್ಲಿ ಪ್ಯಾಕೇಜಿಂಗ್ ಎಂಜಿನಿಯರ್ ಆಗಿದ್ದವರು. ಅಂದರೆ ಪ್ಲಾಸ್ಟಿಕ್ ಪೊಟ್ಟಣಗಳ ಲೋಕವನ್ನು ಒಳಗಿನಿಂದ ಬಲ್ಲವರು. ಮುಂದೆ ಅವರು ಕಟ್ಟಿದ ಕಂಪನಿಯೇ ಇಂದಿನ 'ನಾಟ್‌ಪ್ಲಾ'. 2019ರ ಲಂಡನ್ ಮ್ಯಾರಥಾನ್‌ನಲ್ಲಿ ಓಟಗಾರರಿಗೆ ಪ್ಲಾಸ್ಟಿಕ್ ಬಾಟಲಿಯ ಬದಲು ಕ್ರೀಡಾಪಾನೀಯ ತುಂಬಿದ 30,000ಕ್ಕೂ ಹೆಚ್ಚು ಊಹೊ ಗುಳ್ಳೆಗಳನ್ನು ಹಂಚಲಾಯಿತು. 2022ರಲ್ಲಿ ಈ ಕಂಪನಿಗೆ ಹತ್ತು ಲಕ್ಷ ಪೌಂಡ್‌ಗಳ ಅರ್ಥ್‌ಶಾಟ್ ಪ್ರಶಸ್ತಿಯೂ ಸಂದಿತು.

ಇವರು ಒಂಟಿಯಲ್ಲ. ಇಂಡೊನೇಷ್ಯಾದಲ್ಲಿ ಡೇವಿಡ್ ಕ್ರಿಶ್ಚಿಯನ್ ಎಂಬ ಯುವಕ 2016ರಲ್ಲಿ ಆರಂಭಿಸಿದ 'ಇವೊವೇರ್' ತಿನ್ನಬಹುದಾದ ಲೋಟಗಳನ್ನೂ ಕಾಫಿಪುಡಿ, ನೂಡಲ್ಸ್ ಮಸಾಲೆಗಳಿಗೆ ಬೇಕಾದ ಸಣ್ಣ ಪೊಟ್ಟಣಗಳನ್ನೂ ಪಾಚಿಯಿಂದ ತಯಾರಿಸಿತು. ಕ್ಯಾಲಿಫೋರ್ನಿಯಾದಲ್ಲಿ ಜೂಲಿಯಾ ಮಾರ್ಷ್ ಅವರ 'ಸ್ವೇ', ನಮ್ಮ ದೇಶದಲ್ಲಿ ನೇಹಾ ಜೈನ್ ಅವರ 'ಝೀರೊಸರ್ಕಲ್' ಇದೇ ದಾರಿಯಲ್ಲಿವೆ. ತೆಳು ಪ್ಲಾಸ್ಟಿಕ್ ಹಾಳೆಗೆ ಬದಲಿ ಹುಡುಕುವವರಿಗಾಗಿ ಏರ್ಪಡಿಸಿದ್ದ ಟಾಮ್ ಫೋರ್ಡ್ ಪ್ಲಾಸ್ಟಿಕ್ ಇನ್ನೊವೇಶನ್ ಪ್ರಶಸ್ತಿಯ 2023ರ ವಿಜೇತರು ಸ್ವೇ, ಝೀರೊಸರ್ಕಲ್ ಮತ್ತು ನಾಟ್‌ಪ್ಲಾ; ಮೂವರೂ ಪಾಚಿಯನ್ನೇ ನಂಬಿದವರು.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಆ ಗುಳ್ಳೆಯ ಗೋಡೆ ತೀರಾ ತೆಳ್ಳಗಿದ್ದು ಬಹಳ ದಿನ ಇಟ್ಟರೆ ಒಣಗುತ್ತದೆ. ನೂರಾರು ಮೈಲಿ ಲಾರಿಯಲ್ಲಿ ಸಾಗಿಸಿ, ಗೂಡಂಗಡಿಯಲ್ಲಿ ವಾರಗಟ್ಟಲೆ ತೂಗುಹಾಕುವ ಸರಕು ಅದಲ್ಲ. ಮೇಲಾಗಿ, ಹತ್ತಾರು ಕೈ ದಾಟಿ ಬಂದ ಪೊಟ್ಟಣದ ಸಿಪ್ಪೆಯನ್ನು ತೊಳೆಯದೆ ತಿನ್ನಲು ಯಾರು ಒಪ್ಪುತ್ತಾರೆ? ತುಂಬಿದ ಜಾಗದಲ್ಲೇ, ತುಂಬಿದ ಹೊತ್ತಿನಲ್ಲೇ ಹಂಚಿ ಮುಗಿಸುವ ಓಟ, ಜಾತ್ರೆ, ಸಮಾವೇಶಗಳಿಗೆ ಮಾತ್ರ ಅದು ಹೊಂದುತ್ತದೆ. ಹೆಸರು ತಂದದ್ದು ಗುಳ್ಳೆಯಾದರೂ, ವ್ಯಾಪಾರ ಬೆಳೆದದ್ದು ಯಾರೂ ವಿಡಿಯೊ ಮಾಡದ ಒಂದು ವಸ್ತುವಿನಿಂದ: ಊಟ ಕಟ್ಟಿಕೊಡುವ ರಟ್ಟಿನ ಡಬ್ಬಿಗಳ ಒಳಮೈಗೆ ಬಳಿಯುವ ಪಾಚಿಯ ಲೇಪ. ರಟ್ಟಿನ ಡಬ್ಬಿ ಎಂದರೆ ಕಾಗದವೇ ಎಂದು ನಾವು ತಿಳಿದಿರುತ್ತೇವೆ. ಆದರೆ ಎಣ್ಣೆ, ಸಾರು ಸೋರದಿರಲೆಂದು ಅದರ ಒಳಗೆ ಸಾಮಾನ್ಯವಾಗಿ ತೆಳುವಾದ ಪ್ಲಾಸ್ಟಿಕ್ ಪದರ ಅಂಟಿಕೊಂಡಿರುತ್ತದೆ, ಮತ್ತು ಆ ಪದರದಿಂದಾಗಿಯೇ ಡಬ್ಬಿ ಗೊಬ್ಬರವೂ ಆಗದು, ಸುಲಭವಾಗಿ ಮರುಬಳಕೆಗೂ ಒದಗದು. ಆ ಪದರವನ್ನು ಪಾಚಿಯಿಂದ ಮಾಡುವುದು ನೋಡಲು ಸಪ್ಪೆಯೆನಿಸಿದರೂ, ನನ್ನ ಮಟ್ಟಿಗೆ ಇಡೀ ಪ್ರಯತ್ನದಲ್ಲಿ ಅತ್ಯಂತ ಬುದ್ಧಿವಂತಿಕೆಯ ಕೆಲಸ ಅದೇ.

ಪ್ರಶ್ನೆ: ಸಸ್ಯಾಹಾರಿಗಳು ಇದನ್ನು ತಿನ್ನಬಹುದೇ? ಮೀನಿನ ವಾಸನೆ ಬರುವುದಿಲ್ಲವೇ?
– ಗೃಹಿಣಿ, ಹಾಸನ

ಉತ್ತರ: ತಿನ್ನಬಹುದು. ತಿನಿಸನ್ನು ಗಟ್ಟಿಯಾಗಿಸುವ ವಸ್ತುಗಳಲ್ಲಿ ಪ್ರಾಣಿಮೂಲದ್ದು ಜೆಲಾಟಿನ್. ಪಾಚಿಯಿಂದ ಬರುವ ಅಗರ್ ಜೆಲಾಟಿನ್ ಅಲ್ಲ, ನೀವು ಚೈನಾ ಗ್ರಾಸ್ ಎಂದು ಅಂಗಡಿಯಿಂದ ತಂದು ಹಾಲಿನಲ್ಲಿ ಕುದಿಸಿ ಸಿಹಿ ಮಾಡುವ ಪದಾರ್ಥವೇ ಅದು. ಶುದ್ಧೀಕರಿಸಿದ ಅಗರ್‌ಗೆ ಬಣ್ಣ, ವಾಸನೆಗಳೆರಡೂ ಹೆಚ್ಚುಕಡಿಮೆ ಇಲ್ಲ. ಆದರೆ ಪಾಚಿಯಿಂದಾದ ಪ್ರತಿಯೊಂದು ಪೊಟ್ಟಣವೂ ತಿನ್ನಲೆಂದೇ ತಯಾರಾದುದಲ್ಲವಾದ್ದರಿಂದ, ಹಾಗೆಂದು ಮುದ್ರಿಸಿದ್ದರೆ ಮಾತ್ರ ತಿನ್ನಿ.

ಪ್ರಶ್ನೆ: ಪಾಚಿಯೆಂಬ ಮೆತ್ತಗಿನ ವಸ್ತು ಪ್ಲಾಸ್ಟಿಕ್‌ನಂಥ ಹಾಳೆಯಾಗುವುದು ಹೇಗೆ? ಅದು ಕರಗಿಹೋಗುವುದಾದರೆ ಪೊಟ್ಟಣವಾಗಿ ನಿಲ್ಲುವುದು ಹೇಗೆ?
– ನಿವೃತ್ತ ರಸಾಯನವಿಜ್ಞಾನ ಅಧ್ಯಾಪಕ, ಧಾರವಾಡ

ಉತ್ತರ: ಪ್ರಶ್ನೆಯ ಎರಡನೆಯ ಭಾಗದಲ್ಲೇ ಈ ವಿಷಯದ ತಿರುಳಿದೆ. ಪಾಚಿಯ ಜೀವಕೋಶಗಳ ಗೋಡೆಯಲ್ಲಿ ಉದ್ದನೆಯ ಸಕ್ಕರೆ ಸರಪಳಿಗಳಿರುತ್ತವೆ. ಕೆಂಪುಪಾಚಿಗಳಿಂದ ಅಗರ್ ಮತ್ತು ಕ್ಯಾರಗೀನನ್, ಕಂದುಪಾಚಿಗಳಿಂದ ಆಲ್ಜಿನೇಟ್ ದೊರೆಯುತ್ತವೆ. ಅಗರನ್ನು ಕುದಿಸಿ ತಣಿಸಿದರೆ ಸಾಕು, ಗಟ್ಟಿಯಾಗುತ್ತದೆ. ಆಲ್ಜಿನೇಟ್‌ಗೆ ಶಾಖ ಬೇಕಿಲ್ಲ. ಅದರ ದ್ರಾವಣ ಕ್ಯಾಲ್ಸಿಯಂ ಲವಣದ ನೀರಿಗೆ ತಾಗಿದೊಡನೆ ಕ್ಯಾಲ್ಸಿಯಂ ಅಯಾನುಗಳು ಸರಪಳಿಗಳ ನಡುವೆ ಕುಳಿತು ಅವುಗಳನ್ನು ಪರಸ್ಪರ ಹಿಡಿದಿಡುವುದರಿಂದ ಕ್ಷಣಾರ್ಧದಲ್ಲಿ ಪೊರೆಯೊಂದು ಮೂಡುತ್ತದೆ. ಮೇಲೆ ಹೇಳಿದ ನೀರ್ಗುಳ್ಳೆಯ ಹಿಂದಿರುವ ತತ್ತ್ವ ಇದೇ. ಬರಿಯ ಪಾಚಿಯಿಂದಾದ ಹಾಳೆ ಒಣಗಿದ ಮೇಲೆ ಹಪ್ಪಳದಂತೆ ಮುರಿಯುತ್ತದೆಯಾದ್ದರಿಂದ, ಬಾಗುವ ಗುಣಕ್ಕಾಗಿ ಗ್ಲಿಸರಿನ್‌ನಂಥ ವಸ್ತುವನ್ನು ಬೆರೆಸುತ್ತಾರೆ.

ಪಾಲಿಥೀನ್ ಇಂಗಾಲ ಮತ್ತು ಜಲಜನಕಗಳ ಸರಪಳಿ. ನೀರಿಗೆ ಹಿಡಿದುಕೊಳ್ಳಲು ಅದರಲ್ಲಿ ಎಡೆಯೇ ಇಲ್ಲ. ಪಾಚಿಯ ಸಕ್ಕರೆ ಸರಪಳಿಯ ತುಂಬ ಹೈಡ್ರಾಕ್ಸಿಲ್ ಗುಂಪುಗಳಿದ್ದು, ಅವು ಗಾಳಿಯ ತೇವವನ್ನೂ ಸೆಳೆದುಕೊಳ್ಳುತ್ತವೆ. ಮಣ್ಣಿನ ಮತ್ತು ಕಡಲಿನ ಸೂಕ್ಷ್ಮಜೀವಿಗಳಲ್ಲಿ ಈ ಸರಪಳಿಯನ್ನು ಕತ್ತರಿಸುವ ಕಿಣ್ವಗಳು ಲಕ್ಷಾಂತರ ವರ್ಷಗಳಿಂದ ಇವೆ. ಪಾಲಿಥೀನಿಗೆ ಅಂಥ ಭಕ್ಷಕರು ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಪಾಚಿಯ ಹಾಳೆಯನ್ನು ಗೊಬ್ಬರದ ಗುಂಡಿಯಲ್ಲಿ ಕೆಲವೇ ವಾರಗಳಲ್ಲಿ ಇಲ್ಲವಾಗಿಸುವ ಗುಣ ಮತ್ತು ಆಷಾಢದ ಮಂಗಳೂರಿನಲ್ಲಿ ಅದನ್ನು ಜೋಲುಮೋರೆ ಹಾಕಿಸುವ ದೋಷ ಎರಡರ ಮೂಲವೂ ಒಂದೇ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ತೆಗೆದುಹಾಕುವುದೇ ಈ ಕ್ಷೇತ್ರದ ಸಂಶೋಧಕರ ಮುಂದಿರುವ ಕಷ್ಟ. ತೇವ ತಡೆಯಲೆಂದು ಕೃತಕ ರಾಸಾಯನಿಕ ಬದಲಾವಣೆ ಮಾಡುತ್ತ ಹೋದರೆ ಕೊನೆಗೆ ನಾವು ಹೊರಟ ಜಾಗಕ್ಕೇ ಮರಳಬಹುದು. ಯುರೋಪಿನ ಒಕ್ಕೂಟ 2019ರಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಕುರಿತು ಹೊರಡಿಸಿದ ನಿರ್ದೇಶನವು ರಾಸಾಯನಿಕವಾಗಿ ಮಾರ್ಪಡಿಸದ ನೈಸರ್ಗಿಕ ಪಾಲಿಮರ್‌ಗಳನ್ನು ಮಾತ್ರ ಪ್ಲಾಸ್ಟಿಕ್‌ನ ವ್ಯಾಖ್ಯೆಯಿಂದ ಹೊರಗಿಟ್ಟಿರುವುದರ ಹಿಂದೆ ಈ ಎಚ್ಚರ ಕಾಣುತ್ತದೆ.

ಪ್ರಶ್ನೆ: ನನ್ನದು ಸಣ್ಣ ಬೇಕರಿ. ಚಕ್ಕುಲಿ, ಖಾರ, ಹಲ್ವ ಮಾರುತ್ತೇನೆ. ಪ್ಲಾಸ್ಟಿಕ್ ಬಿಟ್ಟು ಇದಕ್ಕೆ ಬದಲಾಯಿಸಬಹುದೇ?
– ವ್ಯಾಪಾರಿ, ಶಿವಮೊಗ್ಗ

ಉತ್ತರ: ಚಕ್ಕುಲಿಗೆ ಬೇಡ. ಪಾಚಿಯ ಹಾಳೆ ಎಣ್ಣೆಯನ್ನು ಚೆನ್ನಾಗಿ ತಡೆಯುತ್ತದೆ, ಒಣಗಿದ್ದಾಗ ಆಮ್ಲಜನಕವನ್ನೂ ತಕ್ಕಮಟ್ಟಿಗೆ ತಡೆಯುತ್ತದೆ; ಆದರೆ ನೀರಾವಿಯನ್ನು ಒಳಬಿಡುತ್ತದೆ. ಗರಿಗರಿತನವನ್ನೇ ಮಾರುವ ನಿಮಗೆ ನೀರಾವಿಯೇ ಶತ್ರು; ಅದರಲ್ಲೂ ಮಲೆನಾಡಿನ ಹೆಬ್ಬಾಗಿಲಿನಲ್ಲಿ ಕುಳಿತು ವ್ಯಾಪಾರ ಮಾಡುವವರು ನೀವು. ಅಂದಂದೇ ಖರ್ಚಾಗುವ ಬೋಂಡಾ, ಪಪ್ಸ್, ಬನ್ನುಗಳಿಗೆ ಪಾಚಿಯ ಲೇಪವಿರುವ ಕಾಗದ ಒಗ್ಗಬಹುದು. ಬೆಲೆ ಇಂದಿಗೂ ಸಾಮಾನ್ಯ ಪ್ಲಾಸ್ಟಿಕ್ ಚೀಲಕ್ಕಿಂತ ಹಲವು ಪಟ್ಟು. ಕೊಳ್ಳುವ ಮುನ್ನ ಮಾದರಿಯ ಹಾಳೆ ತರಿಸಿ, ನಿಮ್ಮ ತಿನಿಸನ್ನೇ ಅದರಲ್ಲಿ ಕಟ್ಟಿ, ಮಳೆಗಾಲದ ಒಂದು ದಿನ ಅಂಗಡಿಯಲ್ಲೇ ಇಟ್ಟು ನೋಡಿ. ಆಹಾರಕ್ಕೆ ತಾಗುವ ಪೊಟ್ಟಣಗಳಿಗೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2018ರಲ್ಲಿ ಮಾಡಿರುವ ನಿಯಮಗಳಿಗೆ ಅದು ಹೊಂದುತ್ತದೆಯೆಂಬ ದಾಖಲೆಯನ್ನು ಮಾರುವವರಿಂದ ಕೇಳಿ ಪಡೆಯಿರಿ. ಹಲ್ವಕ್ಕೆ ಬಾಳೆಲೆ ಸಿಗುವ ಊರಿನಲ್ಲಿ ಪಾಚಿಯನ್ನು ಕಡಲಿನಿಂದ ತರಿಸುವ ಅಗತ್ಯ ನನಗೆ ಕಾಣುವುದಿಲ್ಲ.

ಪ್ರಶ್ನೆ: ಚೀಲಗಳ ಮೇಲೆ ಬಯೋಡಿಗ್ರೇಡಬಲ್, ಕಂಪೋಸ್ಟಬಲ್ ಎಂದೆಲ್ಲ ಮುದ್ರಿಸಿರುತ್ತಾರೆ. ಪಾಚಿಯ ಪೊಟ್ಟಣವೂ ಇಂಥದ್ದೇ ಒಂದು ಮಾತೇ?
– ಅಪಾರ್ಟ್‌ಮೆಂಟ್ ನಿವಾಸಿ, ಬೆಂಗಳೂರು

ಉತ್ತರ: ನಿಮ್ಮ ಸಂಶಯ ಆರೋಗ್ಯಕರವಾದುದು. ಕರ್ನಾಟಕ 2016ರಲ್ಲೇ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ದೇಶದಾದ್ಯಂತ ಸ್ಟ್ರಾ, ಚಮಚ, ಲೋಟ, ಸಿಹಿಡಬ್ಬಿಯ ಮೇಲಿನ ಹೊದಿಕೆ ಮೊದಲಾದವುಗಳಿಗೆ ನಿಷೇಧ ಬಂತು. ನಿಷೇಧದ ಹಿಂದೆಯೇ ಹಸಿರು ಅಕ್ಷರದ ಚೀಲಗಳು ಮಾರುಕಟ್ಟೆಯಲ್ಲಿ ತುಂಬಿಕೊಂಡವು. ಕೊಳೆಯುತ್ತದೆ ಎಂಬ ಒಂದೇ ಮಾತಿಗೆ, ಎಲ್ಲಿ ಮತ್ತು ಎಷ್ಟು ದಿನದಲ್ಲಿ ಎಂಬುದನ್ನು ಹೇಳದಿದ್ದರೆ, ಬೆಲೆಯಿಲ್ಲ. ಜೋಳದಂಥ ಬೆಳೆಗಳ ಪಿಷ್ಟದಿಂದ ಬರುವ ಪಿಎಲ್‌ಎ ಎಂಬ ಪ್ಲಾಸ್ಟಿಕ್ ಸುಮಾರು 58 ಡಿಗ್ರಿ ಸೆಲ್ಸಿಯಸ್ ಶಾಖವನ್ನು ಕಾಯ್ದುಕೊಳ್ಳುವ ಕೈಗಾರಿಕಾ ಗೊಬ್ಬರ ಘಟಕದಲ್ಲಿ ಕೊಳೆಯುತ್ತದೆಯೇ ಹೊರತು ನಿಮ್ಮ ಬಾಲ್ಕನಿಯ ಮಡಕೆಯಲ್ಲಿ ಬೇಗ ಕೊಳೆಯುವುದಿಲ್ಲ, ಕಡಲಿಗೆ ಬಿದ್ದರೆ ಬಹುಕಾಲ ಹಾಗೆಯೇ ಉಳಿಯುತ್ತದೆ. ಪೂರ್ತಿಯಾಗಿ ಪಾಚಿಯಿಂದಾದ ಹಾಳೆಗೆ ಅಂಥ ಶಾಖ ಬೇಡ.

ಇಲ್ಲಿ 'ಪೂರ್ತಿಯಾಗಿ' ಎಂಬುದೇ ಮುಖ್ಯ. ಪಾಚಿಯ ಪುಡಿಯನ್ನು ಒಂದಿಷ್ಟು ಬೆರೆಸಿದ ಸಾಮಾನ್ಯ ಪ್ಲಾಸ್ಟಿಕ್ಕೂ ಪಾಚಿಯ ಹೆಸರಿನಲ್ಲಿ ಬರಬಹುದು. ಕಂಪೋಸ್ಟಬಲ್ ಪ್ಲಾಸ್ಟಿಕ್ ಎಂದು ಮಾರುವವರು ನಮ್ಮ ದೇಶದಲ್ಲಿ ಐಎಸ್ 17088 ಮಾನದಂಡಕ್ಕೆ ಹೊಂದಬೇಕು ಮತ್ತು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಪಡೆದಿರಬೇಕು. ಆ ವಿವರ ಚೀಲದ ಮೇಲೆ ಇಲ್ಲದಿದ್ದರೆ ಅಕ್ಷರ ಎಷ್ಟೇ ಹಸಿರಾಗಿದ್ದರೂ ನಂಬಬೇಡಿ. ಪಾಚಿಯ ಪೊಟ್ಟಣವನ್ನು ಒಣಕಸಕ್ಕೆ ಹಾಕಬೇಡಿ, ಅಲ್ಲಿ ಅದು ಮರುಬಳಕೆಯ ಪ್ಲಾಸ್ಟಿಕ್ಕಿನೊಂದಿಗೆ ಬೆರೆತು ಅದನ್ನೂ ಕೆಡಿಸುತ್ತದೆ. ಅದರ ಜಾಗ ಹಸಿಕಸದ ಬುಟ್ಟಿ.

ಪ್ರಶ್ನೆ: ನಮ್ಮ ಕರಾವಳಿಯಲ್ಲಿ ಈ ಪಾಚಿ ಬೆಳೆಸಬಹುದೇ? ಮೀನುಗಾರಿಕೆ ಇಲ್ಲದ ತಿಂಗಳುಗಳಲ್ಲಿ ನಮಗೆ ಆದಾಯವಾದೀತೇ? ಬೆಳೆಸಿದರೆ ಮೀನಿಗೆ ತೊಂದರೆಯಿಲ್ಲವೇ?
– ಮೀನುಗಾರ ಯುವಕ, ಅಂಕೋಲಾ

ಉತ್ತರ: ಪೊಟ್ಟಣದ ಕಂಪನಿಗಳ ಪ್ರಚಾರದಲ್ಲಿ ಅಪರೂಪವಾಗಿ ಕೇಳಿಬರುವ ಪ್ರಶ್ನೆ ಇದಾದ್ದರಿಂದ ಸ್ವಲ್ಪ ವಿಸ್ತಾರವಾಗಿ ಉತ್ತರಿಸುತ್ತೇನೆ.

ನಮ್ಮ ದೇಶದಲ್ಲಿ ಪಾಚಿಯ ಬದುಕು ಎಂದರೆ ಮುಖ್ಯವಾಗಿ ತಮಿಳುನಾಡಿನ ರಾಮನಾಥಪುರಂ ಜಿಲ್ಲೆ. ಮಂಡಪಂ, ಪಾಂಬನ್ ಸುತ್ತಿನ ಹೆಂಗಸರು ಬೆರಳಿಗೆ ಬಟ್ಟೆ ಸುತ್ತಿಕೊಂಡು, ಮುಳುಗಿ, ಬಂಡೆಗಳಿಗೆ ಅಂಟಿದ ಕಾಡುಪಾಚಿಯನ್ನು ಕಿತ್ತು ತರುವ ಕೆಲಸ ತಲೆಮಾರುಗಳಿಂದ ನಡೆದುಬಂದಿದೆ. ಮನ್ನಾರ್ ಕೊಲ್ಲಿ ಕಡಲ ರಾಷ್ಟ್ರೀಯ ಉದ್ಯಾನವಾದ ಮೇಲೆ ಅವರ ಪಾಡು ಇನ್ನಷ್ಟು ಬಿಗಿಯಾಯಿತು. ಇನ್ನೊಂದೆಡೆ, ಫಿಲಿಪ್ಪೀನ್ಸ್ ಮೂಲದ ಕಪ್ಪಾಫೈಕಸ್ ಎಂಬ ಕೆಂಪುಪಾಚಿಯನ್ನು ಭಾವನಗರದ ಕೇಂದ್ರೀಯ ಉಪ್ಪು ಮತ್ತು ಕಡಲ ರಾಸಾಯನಿಕ ಸಂಶೋಧನಾ ಸಂಸ್ಥೆ ಪ್ರಯೋಗಕ್ಕೆ ತಂದು ಬೆಳೆಸಿ ತೋರಿಸಿತು. 2000ದ ಸುಮಾರಿಗೆ ಪೆಪ್ಸಿಕೊ ಕಂಪನಿ ಗುತ್ತಿಗೆ ಕೃಷಿಯಾಗಿ ಅದನ್ನು ರಾಮನಾಥಪುರಂ ಸುತ್ತ ಹರಡಿತು. ಹನ್ನೆರಡು ಅಡಿ ಚೌಕದ ಬಿದಿರಿನ ತೆಪ್ಪಕ್ಕೆ ಸುಮಾರು 60 ಕಿಲೊ ಬಿತ್ತನೆ ಕಟ್ಟಿದರೆ 45 ದಿನಗಳಲ್ಲಿ ಅದರ ನಾಲ್ಕು ಪಟ್ಟಿನಷ್ಟು ಹಸಿಪಾಚಿ ಸಿಗುತ್ತದೆ. ಒಣಗಿಸಿದಾಗ ಉಳಿಯುವುದು ಹತ್ತರಲ್ಲೊಂದು ಪಾಲಿನ ಆಸುಪಾಸು. ಬೆಲೆ ಕಟ್ಟುವುದು ಒಣಪಾಚಿಗೆ.

ಕತೆ ಇಷ್ಟೇ ಆಗಿದ್ದರೆ ಚೆನ್ನಾಗಿತ್ತು. 2008ರಲ್ಲಿ ಇದೇ ಕಪ್ಪಾಫೈಕಸ್ ಮನ್ನಾರ್ ಕೊಲ್ಲಿಯ ಕುರುಸಡೈ ದ್ವೀಪದ ಹವಳಗಳ ಮೇಲೆ ಹಬ್ಬಿ ಅವುಗಳ ಬೆಳಕು ಮುಚ್ಚುತ್ತಿರುವುದನ್ನು ವಿಜ್ಞಾನಿಗಳು ವರದಿ ಮಾಡಿದರು. 2013ರ ನಂತರ ಬೆಳೆಯೇ ಭಾರೀ ಪ್ರಮಾಣದಲ್ಲಿ ಸತ್ತು ಉತ್ಪಾದನೆ ಕುಸಿಯಿತು. ನೀರು ಬಿಸಿಯಾದಾಗ ಕಪ್ಪಾಫೈಕಸ್‌ನ ಟಿಸಿಲುಗಳು ಬೆಳ್ಳಗಾಗಿ ಕಳಚಿಬೀಳುವ ರೋಗ ಇಂಡೊನೇಷ್ಯಾ, ಫಿಲಿಪ್ಪೀನ್ಸ್‌ಗಳ ಬೆಳೆಗಾರರಿಗೂ ಚಿರಪರಿಚಿತ. ಹೀಗಿದ್ದೂ ಕೇಂದ್ರ ಸರ್ಕಾರ 2020ರಲ್ಲಿ ಆರಂಭವಾದ ಮತ್ಸ್ಯಸಂಪದ ಯೋಜನೆಯಲ್ಲಿ ಪಾಚಿಗೆ 640 ಕೋಟಿ ರೂಪಾಯಿ ತೆಗೆದಿರಿಸಿತು, 2023ರಲ್ಲಿ ರಾಮನಾಥಪುರಂ ಜಿಲ್ಲೆಯ ವಲಮಾವೂರಿನಲ್ಲಿ ಸುಮಾರು 127 ಕೋಟಿಯ ಪಾಚಿ ಉದ್ಯಾನಕ್ಕೆ ಶಂಕುಸ್ಥಾಪನೆಯೂ ಆಗಿದೆ.

ಈಗ ನಿಮ್ಮ ಕಡಲು. ಕಾರವಾರದ ಸುತ್ತಿನ ದ್ವೀಪಗಳಿಂದ ಭಟ್ಕಳದವರೆಗಿನ ಬಂಡೆಗಳಲ್ಲಿ ಮಳೆಗಾಲ ಕಳೆದ ಮೇಲೆ ಸರ್ಗಾಸಂ ಎಂಬ ಕಂದುಪಾಚಿ ತಾನಾಗಿ ಬೆಳೆಯುವುದನ್ನು ನೀವೂ ಕಂಡಿರುತ್ತೀರಿ. ಅದು ಆಲ್ಜಿನೇಟ್ ಇರುವ ಪಾಚಿಯೇ, ಆದರೆ ಮೀನುಮರಿಗಳಿಗೆ ಆಸರೆಯೂ ಹೌದು. ಅದನ್ನು ಬೋಳಿಸಿ ಮಾರುವ ಯೋಚನೆ ಬೇಡ. ತೆಪ್ಪದ ಕೃಷಿಗೆ ಅಡ್ಡಿ ಎರಡು: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಪಶ್ಚಿಮದ ಕಡಲು ಯಾವ ಬಿದಿರನ್ನೂ ಉಳಿಸುವುದಿಲ್ಲ, ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳು ತಂದು ಸುರಿಯುವ ಸಿಹಿನೀರು ದಡದ ನೀರಿನ ಉಪ್ಪನ್ನು ಇಳಿಸುತ್ತದೆ, ಕಪ್ಪಾಫೈಕಸ್‌ಗೆ ಅದು ಆಗದು. ಅಂದರೆ ನೀವು ಆದಾಯ ಬಯಸುವ, ಮೀನುಗಾರಿಕೆ ನಿಂತಿರುವ ತಿಂಗಳುಗಳಲ್ಲೇ ಪಾಚಿಯೂ ಬೆಳೆಯುವುದಿಲ್ಲ. ಚಳಿಗಾಲದ ಕೆಲವು ತಿಂಗಳು ಪೂರಕ ಬೆಳೆಯಾಗಿ, ಬಿತ್ತನೆಯನ್ನು ಮಳೆಗಾಲದಲ್ಲಿ ಉಳಿಸಿಕೊಳ್ಳುವ ವ್ಯವಸ್ಥೆಯಿದ್ದರೆ, ಪ್ರಯತ್ನಿಸಬಹುದು. ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರಗಳು ಕಾರವಾರದಲ್ಲೂ ಮಂಗಳೂರಿನಲ್ಲೂ ಇವೆ; ಯಾವ ಜಾತಿ, ಯಾವ ಜಾಗ ಎಂಬುದನ್ನು ಅಲ್ಲಿ ಕೇಳಿದ ಬಳಿಕವೇ ಬಂಡವಾಳ ಹೂಡಿ. ಕೊಳ್ಳುವವರು ಯಾರು, ಒಣಪಾಚಿಗೆ ಕಿಲೊಗೆ ಎಷ್ಟು ಎಂಬುದು ಬರವಣಿಗೆಯಲ್ಲಿ ಇಲ್ಲದೆ ತೆಪ್ಪ ಕಟ್ಟಬೇಡಿ.

ಕರ್ನಾಟಕಕ್ಕೆ ಈ ಉದ್ಯಮದ ನಂಟು ಕಡಲಿಗಿಂತ ಬೆಂಗಳೂರಿನ ಮೂಲಕ ಬಂದಿರುವುದು ಒಂದು ವಿಚಿತ್ರ. ಮದ್ರಾಸ್ ಐಐಟಿಯ ವಿದ್ಯಾರ್ಥಿಗಳು ಸೇರಿ 2010ರಲ್ಲಿ ಹುಟ್ಟುಹಾಕಿದ 'ಸೀ6 ಎನರ್ಜಿ' ಕಡಲಿಲ್ಲದ ಬೆಂಗಳೂರನ್ನು ನೆಲೆ ಮಾಡಿಕೊಂಡು, ಆಳದ ನೀರಿನಲ್ಲಿ ಪಾಚಿಯನ್ನು ಕೊಯ್ದು ಮರುನಾಟಿ ಮಾಡುವ 'ಸೀಕಂಬೈನ್' ಎಂಬ ಯಂತ್ರವನ್ನು ರೂಪಿಸಿದೆ.

ಪ್ರಶ್ನೆ: ಹಾಗಾದರೆ ಪಾಚಿಯಿಂದ ಪ್ಲಾಸ್ಟಿಕ್ ಯುಗ ಮುಗಿಯುತ್ತದೆಯೇ?
– ಬ್ಯಾಂಕ್ ಉದ್ಯೋಗಿ, ತುಮಕೂರು

ಉತ್ತರ: ಲೆಕ್ಕದವರಾದ ನಿಮಗೆ ಲೆಕ್ಕದಲ್ಲೇ ಹೇಳುತ್ತೇನೆ. ಸಿರಿವಂತ ದೇಶಗಳ ಆರ್ಥಿಕ ಸಹಕಾರ ಸಂಘಟನೆಯಾದ ಒಇಸಿಡಿಯ ಅಂದಾಜಿನಂತೆ 2019ರಲ್ಲಿ ಜಗತ್ತಿನ ಪ್ಲಾಸ್ಟಿಕ್ ತ್ಯಾಜ್ಯ ಸುಮಾರು 35 ಕೋಟಿ ಟನ್; ಅದರಲ್ಲಿ ಶೇ 40ರಷ್ಟು, ಅಂದರೆ 14 ಕೋಟಿ ಟನ್, ಪೊಟ್ಟಣದ ಬಾಬತ್ತು. ಮರುಬಳಕೆಯಾದದ್ದು ಒಟ್ಟು ತ್ಯಾಜ್ಯದ ಶೇ 9 ಮಾತ್ರ. ಇತ್ತ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಎಫ್‌ಎಒ ಪ್ರಕಾರ 2020ರಲ್ಲಿ ಜಗತ್ತು ಬೆಳೆದ ಪಾಚಿ ಸುಮಾರು ಮೂರೂವರೆ ಕೋಟಿ ಟನ್, ಅದೂ ಹಸಿತೂಕದಲ್ಲಿ. ಒಣಗಿಸಿದರೆ 35 ಲಕ್ಷ ಟನ್ ಎಂದಿಟ್ಟುಕೊಳ್ಳೋಣ, ಅದರಲ್ಲಿ ಹಾಳೆಯಾಗಬಲ್ಲ ಅಂಶ ಮೂರರಲ್ಲೊಂದು ಎಂದು ಉದಾರವಾಗಿಯೇ ಹಿಡಿಯೋಣ. ಚೀನಾ, ಜಪಾನ್, ಕೊರಿಯಾಗಳ ಜನ ತಿನ್ನುವುದನ್ನು ನಿಲ್ಲಿಸಿ ಅಷ್ಟನ್ನೂ ಪೊಟ್ಟಣಕ್ಕೇ ಬಿಟ್ಟುಕೊಟ್ಟರೂ ಅದು 14 ಕೋಟಿಯ ನೂರರಲ್ಲೊಂದು ಪಾಲನ್ನೂ ಮುಟ್ಟುವುದಿಲ್ಲ.

ಆದ್ದರಿಂದ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಬೇಕು: ಆ ಒಂದು ಪಾಲನ್ನು ಎಲ್ಲಿ ಖರ್ಚು ಮಾಡಿದರೆ ಹೆಚ್ಚು ಲಾಭ? ನೀರಿನ ಬಾಟಲಿಗೆ ಗುಜರಿಯಲ್ಲಿ ಬೆಲೆಯಿದೆ, ಚಿಂದಿ ಆಯುವವರು ಅದನ್ನು ಬೀದಿಯಲ್ಲಿ ಬಿಡುವುದಿಲ್ಲ. ಶಾಂಪೂ, ಸಾಸ್, ಮಸಾಲೆಯ ಅಂಗೈಯಷ್ಟೂ ಇಲ್ಲದ ಬಹುಪದರದ ಪೊಟ್ಟಣವನ್ನು ಯಾರೂ ಹೆಕ್ಕುವುದಿಲ್ಲ, ಹೆಕ್ಕಿದರೂ ಕೊಳ್ಳುವವರಿಲ್ಲ. ಚರಂಡಿಯ ದಾರಿಯಲ್ಲಿ ಹೊಳೆಗೆ, ಹೊಳೆಯಿಂದ ಕಡಲಿಗೆ ಸೇರುವುದು ಅದೇ. ವೇದಿಕೆಯ ಮೇಲೆ ಪ್ಲಾಸ್ಟಿಕ್‌ನ ಅಂತ್ಯವನ್ನು ಸಾರುವ ಯುವಕರಿಗಿಂತ, ಸಾಸ್ ಪೊಟ್ಟಣ ಮತ್ತು ಊಟದ ಡಬ್ಬಿಯ ಒಳಪದರ ಇವೆರಡನ್ನೇ ಹಿಡಿದು ಕುಳಿತವರ ಮೇಲೆ ನನಗೆ ಹೆಚ್ಚು ನಂಬಿಕೆ. ಈಗಿರುವ ಪ್ಲಾಸ್ಟಿಕ್ ಯಂತ್ರಗಳಲ್ಲೇ ಓಡಬಲ್ಲ ಪಾಚಿಯ ಹರಳುಗಳನ್ನು ಸ್ವೇ ಕಂಪನಿ ತಯಾರಿಸುತ್ತಿರುವುದೂ ಇದೇ ಜಾತಿಯ ವಿವೇಕ. ಸಣ್ಣ ಕಾರ್ಖಾನೆಯವರು ಹೊಸ ಯಂತ್ರಕ್ಕೆ ಸಾಲ ಮಾಡಬೇಕಾದರೆ ಬದಲಾವಣೆ ಎಂದೂ ಆಗದು.

ಪ್ರಶ್ನೆ: ನಾವು ಶಾಲೆಯ ಪರಿಸರ ಸಂಘದವರು. ಪಾಚಿಯ ಹಾಳೆಯನ್ನು ವಿಜ್ಞಾನ ಮೇಳಕ್ಕೆ ನಾವೇ ತಯಾರಿಸಬಹುದೇ?
– ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳು, ಪುತ್ತೂರು

ಉತ್ತರ: ತಯಾರಿಸಬಹುದು. ಅಧ್ಯಾಪಕರ ಎದುರಿನಲ್ಲಿ 200 ಮಿಲಿಲೀಟರ್ ನೀರಿಗೆ ನಾಲ್ಕು ಗ್ರಾಂ ಅಗರ್ ಪುಡಿ ಮತ್ತು ಎರಡು ಗ್ರಾಂ ಗ್ಲಿಸರಿನ್ ಹಾಕಿ, ಪುಡಿ ಪೂರ್ತಿ ಕರಗುವವರೆಗೆ ಕುದಿಸಿ, ಸಮತಟ್ಟಾದ ಸ್ಟೀಲ್ ತಟ್ಟೆಗೆ ತೆಳ್ಳಗೆ ಸುರಿಯಿರಿ. ಗಾಳಿಯಾಡುವ ನೆರಳಿನಲ್ಲಿ ಎರಡು ಮೂರು ದಿನ ಒಣಗಿದ ಮೇಲೆ ಅಂಚಿನಿಂದ ಮೆಲ್ಲನೆ ಬಿಡಿಸಿದರೆ ಪಾರದರ್ಶಕ ಹಾಳೆ ಬರುತ್ತದೆ. ಗ್ಲಿಸರಿನ್ ಇಲ್ಲದೆ ಇನ್ನೊಂದು ತಟ್ಟೆಯನ್ನೂ ಮಾಡಿ, ಎರಡನ್ನೂ ಬಾಗಿಸಿ ನೋಡಿ.

ಹಾಳೆ ತೋರಿಸಿ ಚಪ್ಪಾಳೆ ಪಡೆಯುವುದಕ್ಕಿಂತ ಪರೀಕ್ಷೆಗಳಿಗೆ ಹೆಚ್ಚು ಸಮಯ ಕೊಡಿ. ಒಂದೇ ಅಳತೆಯ ಅಗರ್ ಹಾಳೆ, ಹಾಲಿನ ಪೊಟ್ಟಣದ ತುಂಡು, ವೃತ್ತಪತ್ರಿಕೆ, ಬಾಳೆಲೆ ಇವುಗಳ ಮೇಲೆ ಒಂದೊಂದು ಹನಿ ಎಣ್ಣೆ, ಒಂದೊಂದು ಹನಿ ನೀರು ಇಟ್ಟು ಅರ್ಧಗಂಟೆಯ ನಂತರ ಹಿಂಬದಿ ಗಮನಿಸಿ. ಇನ್ನೊಂದು ಕಂತನ್ನು ಒದ್ದೆ ಮಣ್ಣಿನ ಕುಂಡಗಳಲ್ಲಿ ಹೂತು, ವಾರಕ್ಕೊಮ್ಮೆ ತೆಗೆದು ಫೋಟೊ ತೆಗೆಯಿರಿ. ಒಂದು ಹಾಳೆಗೆ ಎಷ್ಟು ರೂಪಾಯಿ ಬಿತ್ತೆಂಬುದನ್ನೂ ಫಲಕದ ಮೇಲೆ ಬರೆಯಿರಿ. ಅಗರ್ ಪುಡಿಯ ಬೆಲೆ ನೋಡಿದರೆ ಶಿವಮೊಗ್ಗದ ಬೇಕರಿಯವರಿಗೆ ನಾನೇಕೆ ಅಂಥ ಉತ್ತರ ಕೊಟ್ಟೆನೆಂದು ನಿಮಗೆ ತಿಳಿಯುತ್ತದೆ. ಮಳೆಗಾಲದಲ್ಲಿ ಹಾಳೆ ಒಣಗದೆ ಬೂಷ್ಟು ಹಿಡಿದರೆ ಎಸೆಯಬೇಡಿ, ಅದನ್ನೂ ಮೇಳದಲ್ಲಿ ಇಡಿ.